ರೈಟರು ಟೈಪಿಂಗ್ ಕಲಿತದ್ದು

ಕೇಳುಗರಿಗೆ ನಮಸ್ಕಾರ.

ನಾನು ಕೊಡಗಿನ ಸುಂಟಿಕೊಪ್ಪದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರು. ಬೇರೆ ಜಿಲ್ಲೆಯಿಂದ ಯಾರಾದರೂ ಕೇಳುತ್ತಿದ್ದರೆ, ಕಥೆ ಕಾದಂಬರಿ ಬರೆಯುವ ರೈಟರು ಅಂದುಕೊಳ್ಳಬೇಡಿ. ಆಳುಗಳ ಹಾಜರಿ, ಕೊಯ್ಲಿನ ತೂಕ, ವಾರದ ಬಟವಾಡೆ, ಗೊಬ್ಬರದ ಲೆಕ್ಕ, ಇವನ್ನೆಲ್ಲ ಬರೆದಿಡುವವನು ನಾನು. ಮೊದಲು ಚೆಕ್‌ರೋಲ್ ಪುಸ್ತಕದಲ್ಲಿ ಬರೆದರೆ ಮುಗಿಯುತ್ತಿತ್ತು. ಈಗ ಅದನ್ನೂ ಬರೆದು, ರಾತ್ರಿ ಕಂಪ್ಯೂಟರಿಗೂ ಹಾಕಬೇಕು. ಕಂಪ್ಯೂಟರ್ ಬಂದರೆ ಕೆಲಸ ಅರ್ಧ ಆಗುತ್ತದೆ ಅಂದಿದ್ದರು. ಎರಡಾಯಿತು.

ಹದಿನಾಲ್ಕು ವರ್ಷ ನಾನು ಟೈಪ್ ಮಾಡಿದ್ದು ಎರಡು ತೋರುಬೆರಳಿನಲ್ಲಿ. ಹತ್ತೂ ಬೆರಳಿಟ್ಟು, ಕೀಬೋರ್ಡ್ ನೋಡದೆ ಟೈಪ್ ಮಾಡುವುದನ್ನು ಕಷ್ಟಪಟ್ಟು ಕಲಿತರೆ ಏನಾದರೂ ಸಿಗುತ್ತಾ? ಇವತ್ತು ಅದನ್ನೇ ಮಾತಾಡೋಣ ಅಂತ ಬಂದೆ.

ಎರಡು ವರ್ಷದ ಹಿಂದಿನ ಜನವರಿ. ರೊಬಸ್ಟಾ ಕೊಯ್ಲು ಜೋರಾಗಿತ್ತು. ಸಂಜೆ ಚೀಲಗಳು ಸಾಲಾಗಿ ತೂಕಕ್ಕೆ ಬರುತ್ತವೆ, ಮೇಸ್ತ್ರಿ ಹೆಸರು ಕೂಗುತ್ತಾರೆ, ನಾನು ಕಿಲೋ ಬರೆದುಕೊಳ್ಳುತ್ತೇನೆ. ಆ ದಿನ 43 ಹೆಸರು. ರಾತ್ರಿ ಕಂಪ್ಯೂಟರ್ ಮುಂದೆ ಕೂತೆ. ಪುಸ್ತಕ ನೋಡು, ಕೀಬೋರ್ಡ್ ನೋಡು, ಸ್ಕ್ರೀನ್ ನೋಡು, ಮತ್ತೆ ಪುಸ್ತಕ. ಹೀಗೆ ಹೋಗಿ ಬಂದು ಮಾಡುವಾಗ ಎಲ್ಲೋ ಒಂದು ಕಡೆ ಕಣ್ಣು ಒಂದು ಸಾಲು ಜಾರಿತು. ಅಲ್ಲಿಂದ ಕೆಳಗೆ ಎಲ್ಲರ ತೂಕವೂ ಪಕ್ಕದವರ ಹೆಸರಿಗೆ ಬಿತ್ತು. ಗೊತ್ತಾದದ್ದು ಶನಿವಾರ ಬಟವಾಡೆಯಲ್ಲಿ. ಒಬ್ಬ ಹೆಂಗಸು ದುಡ್ಡು ಎಣಿಸಿದರು, ಮತ್ತೆ ಎಣಿಸಿದರು. "ರೈಟ್ರೇ, ಬುಧವಾರ ನಾನು ಆಸ್ಪತ್ರೆಗೆ ಹೋಗಿದ್ದೆ. ನನ್ನ ಹೆಸರಲ್ಲಿ 74 ಕಿಲೋ ಕುಯ್ದದ್ದು ಯಾರು?" ಅಂದರು. ಎಲ್ಲರೂ ನಕ್ಕರು. ಅವರ ಹಿಂದೆ ನಿಂತಿದ್ದವರು ಮಾತ್ರ ನಗಲಿಲ್ಲ. ಆ 74 ಕಿಲೋ ಅವರದ್ದು.

ಅವತ್ತು ನನಗೆ ನೆನಪಾದದ್ದು ಅಕ್ಕ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಅವಳು ಮಡಿಕೇರಿಯಲ್ಲಿ ಟೈಪಿಂಗ್ ಕ್ಲಾಸಿಗೆ ಹೋಗಿದ್ದಳು. ಆಗೆಲ್ಲ ಅದು ವಾಡಿಕೆ. ಮಕ್ಕಳು ಮನೆಯಲ್ಲಿ ಸುಮ್ನೆ ಕೂರಬಾರದು ಅಂತ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿಸುತ್ತಿದ್ದರು. ಎ ಎಸ್ ಡಿ ಎಫ್, ಸೆಮಿಕೋಲನ್ ಎಲ್ ಕೆ ಜೆ, ಪುಟಗಟ್ಟಲೆ. ಮನೆಗೆ ಬಂದರೆ ಊಟದ ತಟ್ಟೆಯ ಅಂಚಿನ ಮೇಲೂ ಅವಳ ಬೆರಳು ಕುಣಿಯುತ್ತಿತ್ತು. ಮದುವೆಯಾಗಿ ಗೋಣಿಕೊಪ್ಪಕ್ಕೆ ಹೋದಳು, ಟೈಪಿಸ್ಟ್ ಕೆಲಸ ಸಿಗಲಿಲ್ಲ. ಮೂವತ್ತು ವರ್ಷ ಕಳೆದ ಮೇಲೆ ಒಂದು ದಿನ ಮಗನ ಲ್ಯಾಪ್‌ಟಾಪ್‌ನಲ್ಲಿ ಮಹಿಳಾ ಸಂಘದ ಪತ್ರ ಟೈಪ್ ಮಾಡುತ್ತಿದ್ದಳು. ನನ್ನ ಮುಖ ನೋಡಿಕೊಂಡೇ "ಕಾಫಿಗೆ ಬೆಲ್ಲ ಹಾಕ್ಲಾ, ಸಕ್ಕರೆ ಹಾಕ್ಲಾ?" ಅಂತ ಕೇಳಿದಳು. ಕೈ ನಿಲ್ಲಲೇ ಇಲ್ಲ. ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು.

ಅಕ್ಕನ ಹತ್ತಿರವೇ ಕಲಿಯಲು ಕೂತೆ. ಮೊದಲ ಪಾಠ: ಎಫ್ ಮತ್ತು ಜೆ ಕೀಲಿಗಳನ್ನು ಸವರು ಅಂದಳು. ಎರಡರ ಮೇಲೂ ಒಂದು ಸಣ್ಣ ಉಬ್ಬು ಇದೆ. ನಿಮ್ಮ ಹತ್ತಿರ ಕೀಬೋರ್ಡ್ ಇದ್ದರೆ ನೀವೂ ಸವರಿ ನೋಡಿ. ಹದಿನಾಲ್ಕು ವರ್ಷ ನಾನು ಅದನ್ನು ಪ್ಲಾಸ್ಟಿಕ್ಕಿನ ದೋಷ ಅಂದುಕೊಂಡಿದ್ದೆ! ಎರಡು ತೋರುಬೆರಳು ಅಲ್ಲಿ ಕೂತರೆ ಉಳಿದ ಬೆರಳುಗಳಿಗೆ ತಮ್ಮ ಜಾಗ ಗೊತ್ತಾಗುತ್ತದೆ, ಕಣ್ಣು ಬೇಕಾಗುವುದಿಲ್ಲ. ಎರಡನೇ ಪಾಠ: ನನ್ನ ಕೈ ಮೇಲೆ ಒಂದು ಟವೆಲ್ ಹಾಕಿದಳು.

ಶುರು ಮಾಡಿದ್ದು ಜೂನ್ ಮೊದಲ ವಾರ. ಮಳೆ ಹಿಡಿದಿತ್ತು, ತೋಟದಲ್ಲಿ ಕೆಲಸ ಕಮ್ಮಿ. ಕರೆಂಟ್ ಹೋದರೆ ಬ್ಯಾಟರಿ ಇರುವಷ್ಟು ಹೊತ್ತು, ದಿನಕ್ಕೆ ಇಪ್ಪತ್ತು ನಿಮಿಷ. ಮೊದಲ ತಿಂಗಳು ನನ್ನ ಎರಡು ಬೆರಳಿನ ವೇಗದ ಅರ್ಧವೂ ಬರಲಿಲ್ಲ. ಬರುತ್ತಿದ್ದದ್ದೂ ಕೈಬಿಟ್ಟು ಹೋದ ಹಾಗೆ ಆಯಿತು. ಕಿರುಬೆರಳಂತೂ ಹೇಳಿದ ಮಾತೇ ಕೇಳುತ್ತಿರಲಿಲ್ಲ. ಎಷ್ಟೋ ಜನ ಬಿಡುವುದು ಇಲ್ಲೇ, ಅದರಲ್ಲಿ ತಪ್ಪೇನೂ ಇಲ್ಲ. ನಾನೂ ಕೊಯ್ಲಿನ ಕಾಲದಲ್ಲಿ ಶುರು ಮಾಡಿದ್ದರೆ ಎರಡನೇ ದಿನವೇ ಹಳೇ ಬೆರಳಿಗೆ ವಾಪಸ್ ಬರುತ್ತಿದ್ದೆ. ಕಲಿಯುವುದಾದರೆ ಬಿಡುವಿನ ಕಾಲದಲ್ಲೇ ಕಲಿಯಿರಿ. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ಕ್ಕೆ, ಮದ್ದುಸೊಪ್ಪಿನ ಪಾಯಸ ತಿಂದು ಕೂತು ನೋಡಿದೆ. ಹಳೇ ವೇಗ ಆಗಷ್ಟೇ ವಾಪಸ್ ಬಂದಿತ್ತು. ಎರಡು ತಿಂಗಳು ಕಷ್ಟಪಟ್ಟು, ಹೊರಟ ಜಾಗಕ್ಕೇ ಬಂದು ನಿಂತಿದ್ದೆ.

ವೇಗ ಅಂದೆ ಅಲ್ವಾ, ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕ್ಲಾಸಿಗೆ ಹೋಗದೆ, ತಾವೇ ರೂಢಿ ಮಾಡಿಕೊಂಡು ಆರೇಳು ಬೆರಳಿನಲ್ಲಿ ಟೈಪ್ ಮಾಡುವವರಲ್ಲೂ ಕ್ರಮವಾಗಿ ಕಲಿತವರಷ್ಟೇ ವೇಗದವರು ಸಿಕ್ಕಿದರು. ಹಾಗಾಗಿ ವೇಗ ಒಂದಕ್ಕೇ ಕಲಿಯಿರಿ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವಿದೆ. ಕ್ರಮವಾಗಿ ಕಲಿಯದವರ ಕಣ್ಣು ಕೈ ಮೇಲೆ, ಕೀಬೋರ್ಡಿನ ಮೇಲೆ ಜಾಸ್ತಿ ಹೊತ್ತು ಇರುತ್ತದೆ. ನನ್ನ 74 ಕಿಲೋ ಜಾರಿದ್ದು ಅಲ್ಲೇ ತಾನೇ?

ಇದು ಇವತ್ತಿನ ವಿಷಯವೂ ಅಲ್ಲ. 1888ರ ಜುಲೈಯಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಒಂದು ಟೈಪಿಂಗ್ ಸ್ಪರ್ಧೆ ನಡೆಯಿತು. ಫ್ರಾಂಕ್ ಮೆಕ್‌ಗರಿನ್ ಅನ್ನುವ ಕೋರ್ಟ್ ಶೀಘ್ರಲಿಪಿಕಾರ ಕೀಲಿಗಳ ಜಾಗವನ್ನು ಬಾಯಿಪಾಠದ ಹಾಗೆ ಬೆರಳಿಗೆ ಕಲಿಸಿಕೊಂಡು ಬಂದಿದ್ದ. ಗೆದ್ದ. ನೋಡದೆ ಟೈಪ್ ಮಾಡುವುದಕ್ಕೆ ಹೆಸರು ಬಂದದ್ದು ಆ ಗೆಲುವಿನಿಂದ.

ಕನ್ನಡಕ್ಕೆ ಇನ್ನೊಂದು ಸಲ ಕಲಿಯಬೇಕಾ ಅಂತ ನನಗೂ ಹೆದರಿಕೆ ಇತ್ತು. ಕಂಪ್ಯೂಟರಿನಲ್ಲಿ ಕನ್ನಡ ಹೊಡೆಯುವ ನುಡಿ ಕೀಬೋರ್ಡಿನಲ್ಲಿ ಅದು ಬೇಡ. ಅದರ ಮೂಲ ವಿನ್ಯಾಸ ಕೆ.ಪಿ. ರಾವ್ ಅವರದ್ದು. ಕೆ ಒತ್ತಿದರೆ ಕ, ಜಿ ಒತ್ತಿದರೆ ಗ, ಹೆಚ್ಚಿನವು ಹೀಗೇ. ಕೊಡಗು ಅಂತ ಹೊಡೆಯಿರಿ: ಕೆ, ಓ, ಡಬ್ಲ್ಯು, ಜಿ, ಯು. ಐದು ಕೀಲಿ, ಐದಕ್ಕೂ ಬೇರೆ ಬೇರೆ ಬೆರಳು. ಡ ಮಾತ್ರ ಡಬ್ಲ್ಯುನಲ್ಲಿ ಕೂತಿದೆ, ಅದೊಂದು ರೂಢಿಯಾಗಬೇಕು. ಇನ್ನು ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. ಅಕ್ಕ ಅಂದರೆ ಎ, ಕೆ, ಎಫ್, ಕೆ. ಕನ್ನಡದಲ್ಲಿ ಒತ್ತು ಇಲ್ಲದ ಸಾಲು ಎಲ್ಲಿದೆ? ಆ ಎಫ್ ಇರುವುದು ಎಡಗೈ ತೋರುಬೆರಳಿನ ಕೆಳಗೆ, ಉಬ್ಬಿನ ಮೇಲೆಯೇ. ಹುಡುಕುವ ಕೆಲಸವೇ ಇಲ್ಲ.

ಎಲ್ಲರಿಗೂ ಇದು ಬೇಕಾ? ಬೇಡ. ದಿನಕ್ಕೆ ನಾಲ್ಕು ವಾಟ್ಸಾಪ್ ಮೆಸೇಜ್ ಹಾಕುವವರಿಗೆ ಹೆಬ್ಬೆರಳು ಸಾಕು. ಆದರೆ ನನ್ನ ಹಾಗೆ ಲೆಕ್ಕ ಬರೆಯುವವರು, ಅಂಗಡಿಯವರು, ಸೊಸೈಟಿಯಲ್ಲಿ ಕೂತವರು, ಅಕ್ಷರ ಆಮೇಲೆ ಕಲಿತರೂ ಪರವಾಗಿಲ್ಲ, ಬಲಗಡೆಯ ಅಂಕಿಯ ಕೀಲಿಗಳನ್ನು ಮೊದಲು ಕಲಿಯಿರಿ. ಅಲ್ಲಿ 5ರ ಮೇಲೂ ಉಬ್ಬು ಇದೆ. ನಡುಬೆರಳು ಅದರ ಮೇಲೆ, ಅಕ್ಕಪಕ್ಕದ ಬೆರಳು 4 ಮತ್ತು 6ರ ಮೇಲೆ, ಸೊನ್ನೆಗೆ ಹೆಬ್ಬೆರಳು, ಎಂಟರ್‌ಗೆ ಕಿರುಬೆರಳು. ಹತ್ತೇ ಅಂಕಿ. ನನಗೆ ಒಂದು ವಾರ ಹಿಡಿಯಿತು. ಈಗ ಎಡಗೈ ಬೆರಳು ಪುಸ್ತಕದ ಸಾಲಿನ ಮೇಲೆ ಇಳಿಯುತ್ತಾ ಹೋಗುತ್ತದೆ, ಬಲಗೈ ಹೊಡೆಯುತ್ತದೆ, ಕಣ್ಣು ಪುಸ್ತಕ ಬಿಟ್ಟು ಏಳುವುದಿಲ್ಲ. ಕಳೆದ ಕೊಯ್ಲಿನಲ್ಲಿ ಒಂದೂ ಸಾಲು ಜಾರಲಿಲ್ಲ. ಮೊದಲ ಎರಡು ಶನಿವಾರ ಆ ಇಬ್ಬರೂ ದುಡ್ಡನ್ನು ಮೂರು ಮೂರು ಸಲ ಎಣಿಸಿದರು, ಅದು ಬೇರೆ ಮಾತು.

ಈ ಭಾಷಣವನ್ನೂ ನಾನೇ ಟೈಪ್ ಮಾಡಿದೆ. ಮುಗಿಸಿ ಅಕ್ಕನಿಗೆ ತೋರಿಸಿದೆ. ಅವಳು ಓದಲಿಲ್ಲ, ಹೊಡೆದು ತೋರಿಸು ಅಂದಳು. ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಕಿರುಬೆರಳು ಇನ್ನೂ ಗಾಳಿಯಲ್ಲೇ ಇದೆಯಲ್ಲೋ" ಅಂದು ಒಳಗಿಂದ ಟವೆಲ್ ತಂದಳು.

ನಮಸ್ಕಾರ.