ಸಾವಿನ ಮನೆಯಲ್ಲಿ ಹೊರಗಿನವರ ಕೆಲಸ

ಎಲ್ಲರಿಗೂ ನಮಸ್ಕಾರ. ಆಟೊ ಸ್ಟ್ಯಾಂಡಿನವರಿದ್ದೀರಿ, ಸ್ತ್ರೀಶಕ್ತಿ ಸಂಘದ ಅಕ್ಕಂದಿರಿದ್ದೀರಿ, ಎನ್‌ಎಸ್‌ಎಸ್ ಹುಡುಗ ಹುಡುಗಿಯರಿದ್ದೀರಿ. ಹೆದ್ದಾರಿ ಪಕ್ಕದಲ್ಲೇ ಬಾಳುವ ನಿಮಗೆ ಅಪಘಾತ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಯಾರ ಮನೆಯ ಮಗನೋ ರಸ್ತೆಯಲ್ಲಿ ಬಿದ್ದಿದ್ದರೆ ಕರುಳು ಚುರುಕ್ ಅನ್ನುತ್ತದೆ. ಆ ಚುರುಕ್ ಎಷ್ಟು ಹೊತ್ತು? ಮೊಬೈಲಿನಲ್ಲಿ ‘ಓಂ ಶಾಂತಿ’ ಒತ್ತುವ ತನಕ. ಒತ್ತಿ ಆದ ಮೇಲಿನ ಹೊತ್ತಿನ ಬಗ್ಗೆ ಇವತ್ತು ನನ್ನ ಮಾತು.

ಸಾವಿನ ಮನೆಗೆ ಅಳುವವರು ಬೇಕಾದಷ್ಟು ಜನ ಬರುತ್ತಾರೆ. ಫಾರಂ ಓದುವವರು ಒಬ್ಬರು ಸಿಗುವುದಿಲ್ಲ. ಮನೆಯವರ ಕಣ್ಣು ತುಂಬಿರುತ್ತದೆ, ಅಕ್ಷರ ಕಾಣುವುದಿಲ್ಲ. ಹೊರಗಿನವರು ಮರುಗಿರುತ್ತಾರೆ, ಆದರೆ ಕುಸಿದಿರುವುದಿಲ್ಲ. ಅವರ ಅರ್ಹತೆಯೇ ಅದು. ಹಳ್ಳಿಗಳಲ್ಲಿ ಇದು ಮೊದಲಿಂದ ಗೊತ್ತಿದ್ದದ್ದೇ. ಗುಂಡಿ ತೋಡುವವರು ಗುದ್ದಲಿ ಹಿಡಿದು ಹೋಗುತ್ತಾರೆ, ಚಟ್ಟ ಕಟ್ಟುವವರು ಬಿದಿರು ತರುತ್ತಾರೆ, ಒಲೆ ಹಚ್ಚದ ಮನೆಗೆ ಪಕ್ಕದ ಮನೆಯಿಂದ ಅನ್ನ ಸಾರು ಬರುತ್ತದೆ. ‘ಏನಾದ್ರೂ ಬೇಕಿದ್ರೆ ಹೇಳಿ’ ಅಂತ ಅವರಾರೂ ಕೇಳುತ್ತಾ ನಿಲ್ಲುವುದಿಲ್ಲ. ಆ ಪಟ್ಟಿಗೆ ಈಗ ಕಾಗದ ಹಿಡಿಯುವವರೊಬ್ಬರು ಸೇರಬೇಕು. ಇದನ್ನು ಇನ್ನೂ ಎರಡು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಫೋನಿನ ಕೆಲಸ. 108ಕ್ಕೋ 112ಕ್ಕೋ ಕರೆ ಹೋಗಿದೆ, ಗಾಯಾಳುವನ್ನು ಸಾಗಿಸಿದ್ದಾಗಿದೆ. ಪೊಲೀಸರ ಭಯ ಬೇಡ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ನೆರವಿಗೆ ಬಂದವರನ್ನು ಕಾಪಾಡುತ್ತದೆ. ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ. ಇನ್ನು ಮನೆಗೆ ತಿಳಿಸಬೇಕು. ಏನು ಹೇಳುತ್ತೀರಿ? ಅಪಘಾತವಾಗಿದೆ, ಇಂಥ ಆಸ್ಪತ್ರೆ, ಜೊತೆಗೆ ಇಬ್ಬರನ್ನು ಕರೆದುಕೊಂಡು ಬನ್ನಿ, ಗಾಡಿ ನೀವು ಓಡಿಸಬೇಡಿ. ಇಷ್ಟೇ. ಜೀವ ಇದೆಯಾ ಅಂತ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ, ಪಕ್ಕದಲ್ಲಿ ಯಾರಿದ್ದಾರೆ, ಫೋನ್ ಅವರಿಗೆ ಕೊಡಿ ಅನ್ನಿ. ಫೋಟೊ ಮಾತ್ರ ಎಲ್ಲೂ ಹಾಕಬೇಡಿ. ತಂಗಿ ತನ್ನಣ್ಣನ ಮುಖವನ್ನು ಸ್ಟೇಟಸ್ಸಿನಲ್ಲಿ ನೋಡಿ ಸುದ್ದಿ ತಿಳಿಯುವಂತೆ ಮಾಡಿದವರೂ ‘ಪಾಪ’ ಅಂದುಕೊಂಡೇ ಹಾಕಿರುತ್ತಾರೆ.

ಎರಡನೆಯದು ಶವಾಗಾರದ ಬಾಗಿಲು. ಅಲ್ಲಿ ನಡೆಯುವುದು ಶವ ಮಹಜರು, ಅಂದರೆ ಪೊಲೀಸರು ದೇಹ ನೋಡಿ ಬರೆಯುವ ದಾಖಲೆ. ಮೊದಲು ಅದಕ್ಕೆ ಸಿಆರ್‌ಪಿಸಿ ಕಾನೂನಿನ 174ನೇ ಕಲಂ ಇತ್ತು, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ ಕಾನೂನಿನ 194. ಇದಕ್ಕೆ ಪಂಚರು, ಅಂದರೆ ನೋಡಿ ಸಹಿ ಹಾಕುವ ಸಾಕ್ಷಿಗಳು ಬೇಕು, ಕಡಿಮೆಯೆಂದರೆ ಇಬ್ಬರು. ನೆರೆದ ಐವತ್ತು ಜನ ಆ ಕ್ಷಣಕ್ಕೆ ಟೀ ಅಂಗಡಿ ಸೇರಿರುತ್ತಾರೆ. ನೀವು ನಿಲ್ಲಿ. ಮೈಮೇಲಿನ ಸರ, ವಾಚು, ಉಂಗುರ, ಮೊಬೈಲು, ಜೇಬಿನ ದುಡ್ಡು ಎಲ್ಲ ಪಟ್ಟಿಯಾಗಿದೆಯೇ, ಯಾರ ಕೈಗೆ ಹೋಯಿತು ಎಂದು ಓದಿ ನೋಡಿ ಸಹಿ ಹಾಕಿ. ಹೊತ್ತು ಮುಳುಗಿದ್ದರೆ ಪೋಸ್ಟ್‌ಮಾರ್ಟಂ ಬೆಳಗ್ಗೆಗೆ ಹೋಗಬಹುದು. 2021ರ ನವೆಂಬರಿನಿಂದ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ರಾತ್ರಿಯೂ ಮಾಡಲು ಅವಕಾಶವಿದೆ, ಕೊಲೆ ಆತ್ಮಹತ್ಯೆಯಂಥ ಪ್ರಕರಣಗಳನ್ನು ಬಿಟ್ಟು. ಕೇಳಿ ನೋಡಿ, ಜಗಳ ಆಡಬೇಡಿ.

ಆಗ ಹಿರಿಯರೊಬ್ಬರು ಬಂದು ‘ಕೊಯ್ಯೋದು ಬೇಡ, ಹಾಗೇ ಕೊಟ್ಟುಬಿಡಿ’ ಅಂತ ಕೈ ಮುಗಿಯುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಸಾವು ಅಪಘಾತದಿಂದಲೇ ಆಯಿತು ಎಂದು ಹೇಳುವ ಕಾಗದ ಪೋಸ್ಟ್‌ಮಾರ್ಟಂ ವರದಿ. ಅದಿಲ್ಲದೆ ಅಪಘಾತ ವಿಮೆಯೂ ನಿಲ್ಲುವುದಿಲ್ಲ, ಅಪಘಾತ ಪರಿಹಾರ ಕೊಡಿಸುವ ನ್ಯಾಯಮಂಡಳಿಯಲ್ಲೂ ಕಷ್ಟ. ಹದಿನೈದು ದಿನ ಐಸಿಯುನಲ್ಲಿದ್ದು ತೀರಿಕೊಂಡವರ ಮನೆಯವರಿಗಂತೂ ಇದನ್ನು ಒತ್ತಿ ಹೇಳಿ. ಆಸ್ಪತ್ರೆ ಬದಲಾದ ಕೂಡಲೇ ಅಪಘಾತಕ್ಕೂ ಸಾವಿಗೂ ಇರುವ ಕೊಂಡಿ ಕಡಿದುಹೋಗುವುದು ಅಂಥ ಪ್ರಕರಣದಲ್ಲೇ.

ಈಗ ಹೆಸರು. ಇದು ನನ್ನ ಹುಚ್ಚು ಅಂತಲೇ ಇಟ್ಟುಕೊಳ್ಳಿ. ಆಂಬುಲೆನ್ಸಿನಿಂದ ಇಳಿಸಿದವರು ‘ಮಂಜು’ ಅಂದರು, ರಿಜಿಸ್ಟರಿನಲ್ಲಿ ಮಂಜು. ಆಧಾರಿನಲ್ಲಿ ಮಂಜುನಾಥ ಬಿ. ಬ್ಯಾಂಕಿನಲ್ಲಿ ಮಂಜಪ್ಪ. ಹೆಂಡತಿಯನ್ನು ಕೇಳೋಣವೆಂದರೆ ಗಂಡನ ಹೆಸರು ಬಾಯಲ್ಲಿ ಹೇಳದ ಊರುಗಳು ಇನ್ನೂ ಇವೆ, ‘ನಮ್ಮನೆಯವರು’ ಅನ್ನುತ್ತಾರೆ. (ನಗಬೇಡಿ, ‘ನಮ್ಮನೆಯವರು’ ಅಂತಲೇ ಬರೆದುಕೊಳ್ಳುವ ಗುಮಾಸ್ತರೂ ಇದ್ದಾರು.) ಆಸ್ಪತ್ರೆಯ ಪುಸ್ತಕದಿಂದ ಮಹಜರಿಗೆ, ಮಹಜರಿಂದ ಪೋಸ್ಟ್‌ಮಾರ್ಟಂ ವರದಿಗೆ, ಅಲ್ಲಿಂದ ಮರಣ ಪ್ರಮಾಣಪತ್ರಕ್ಕೆ ಆ ಒಂದು ತಪ್ಪು ಮೆರವಣಿಗೆ ಹೊರಡುತ್ತದೆ. ಮೊದಲ ಗಂಟೆಯಲ್ಲಿ ಆಧಾರಿನ ಜೆರಾಕ್ಸ್ ತಂದು ಕೌಂಟರಿನಲ್ಲಿ ಕೊಟ್ಟು ಅಕ್ಷರ ತಾಳೆ ನೋಡಿದರೆ ಹತ್ತು ನಿಮಿಷದ ಕೆಲಸ. ಆಮೇಲಾದರೆ ಅಫಿಡವಿಟ್ಟು, ಅಲೆದಾಟ, ತಿಂಗಳುಗಟ್ಟಲೆ. ಇದಕ್ಕೇ ಹೇಳಿದ್ದು, ಒದ್ದೆಯಾಗದ ಕಣ್ಣು ಒಂದು ಜೋಡಿ ಬೇಕು ಅಂತ.

ಇನ್ನೊಂದು ಗೊಂದಲ. ಸಾವಿನ ನೋಂದಣಿ ಆಗುವುದು ಸಾವು ಸಂಭವಿಸಿದ ಜಾಗದಲ್ಲಿ. ಹಿರೇಕೆರೂರಿನವರು ದಾವಣಗೆರೆಯ ಆಸ್ಪತ್ರೆಯಲ್ಲಿ ತೀರಿಕೊಂಡರೆ ಪತ್ರ ದಾವಣಗೆರೆಯದೇ. ಮಾಹಿತಿ ಕೊಡಲು 21 ದಿನ. 30 ದಿನದವರೆಗೆ ದಂಡ ಕಟ್ಟಿದರೆ ಆಗುತ್ತದೆ, ಆಮೇಲೆ ಮೇಲಧಿಕಾರಿಯ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಐದಾರು ಪ್ರತಿ ತೆಗೆಸಿಡಿ.

ಕಣ್ಣು ಅಂದೆನಲ್ಲ, ಅಪ್ಪು ವಿಷಯಕ್ಕೆ ಬರುತ್ತೇನೆ. ಎಲ್ಲಿಗೆ ಹೋದರೂ ಇದನ್ನೇ ಹೇಳುತ್ತೀರಿ ಅಂತ ಸಂಘಟಕರು ರೇಗಿಸುತ್ತಾರೆ, ರೇಗಿಸಲಿ. 2021ರ ಅಕ್ಟೋಬರ್ 29, ಶುಕ್ರವಾರ. ಪುನೀತ್ ರಾಜ್‌ಕುಮಾರ್‌ಗೆ 46 ವರ್ಷ. ಅವರನ್ನು ಎದುರಿಗೆ ಕಾಣದ ಲಕ್ಷಾಂತರ ಜನ ಅವತ್ತು ಮನೆಯವರಂತೆ ಅತ್ತರು. ಅದೇ ದಿನ ಅವರ ಮನೆಯವರು ಕಣ್ಣು ದಾನ ಮಾಡಿಸಿದ್ದರು. ಹೇಗೆ ಸಾಧ್ಯವಾಯಿತು? ಅವತ್ತು ಚರ್ಚೆಯೇ ಬೇಕಿರಲಿಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್, 2017ರಲ್ಲಿ ಪಾರ್ವತಮ್ಮನವರು ದಾನ ಮಾಡಿಯಾಗಿತ್ತು. ಆ ಮನೆಯಲ್ಲಿ ಅದು ನಡೆದುಬಂದ ಕ್ರಮ. ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿರುವ ಗಾಜಿನಂಥ ಪರದೆಯನ್ನು, ಮುಂದಿನ ಪದರ, ಹಿಂದಿನ ಪದರ ಅಂತ ಸೀಳಿದರು. ಮುಂದಿನ ಪದರ ಕೆಟ್ಟವರಿಗೆ ಮುಂದಿನದು, ಹಿಂದಿನದು ಕೆಟ್ಟವರಿಗೆ ಹಿಂದಿನದು. ಇಬ್ಬರಿಗೆ ಆಗುವುದು ನಾಲ್ವರಿಗಾಯಿತು. ಆಮೇಲೆ ಎಷ್ಟೋ ಅಭಿಮಾನಿಗಳು ನೇತ್ರದಾನಕ್ಕೆ ಹೆಸರು ಬರೆಸಿದರು. ಅಷ್ಟು ದೊಡ್ಡ ಅಳುವಿನಲ್ಲಿ ನನಗೆ ನೆನಪಿರುವುದು ಹೆಸರು ಬರೆಸಲು ನಿಂತವರ ಆ ಸಾಲು.

ಹೆಸರು ಬರೆಸಿದರೆ ಮುಗಿಯಲಿಲ್ಲ. ಆ ಹೊತ್ತಿಗೆ ಫೋನ್ ಮಾಡುವವರು ಬೇಕು. ಸಾವಾದ ಆರು ಗಂಟೆಯೊಳಗೆ ತೆಗೆಯಬೇಕು. ಫ್ಯಾನ್ ಆರಿಸಿ, ಗಾಳಿಗೆ ಕಾರ್ನಿಯಾ ಒಣಗುತ್ತದೆ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ತಲೆದಿಂಬು ಕೊಟ್ಟು ತಲೆ ಎತ್ತರಿಸಿ, ರಕ್ತ ಒಸರುವುದು ಕಡಿಮೆಯಾಗುತ್ತದೆ. ಅರ್ಧ ಗಂಟೆಯೂ ಹಿಡಿಯದ ಕೆಲಸ, ಮುಖ ಕೆಡುವುದಿಲ್ಲ. ಕನ್ನಡಕ, ಸಕ್ಕರೆ ಕಾಯಿಲೆ, ಪೊರೆ ಆಪರೇಷನ್ ಯಾವುದೂ ಅಡ್ಡಿಯಲ್ಲ. ಅಪಘಾತದ ಸಾವಾದರೆ ಪೊಲೀಸರ ಒಪ್ಪಿಗೆಯೂ ಬೇಕು, ಅದಕ್ಕೇ ಬೇಗ ಕೇಳಬೇಕು. ಆ ಪ್ರಶ್ನೆಯನ್ನು ಹೆತ್ತ ತಾಯಿಯ ಮುಂದೆ ಇಡಬೇಡಿ. ಚಿಕ್ಕಪ್ಪನನ್ನೋ ಸೋದರಮಾವನನ್ನೋ ಪಕ್ಕಕ್ಕೆ ಕರೆದು ಒಂದೇ ಸಲ ಕೇಳಿ. ಬೇಡ ಅಂದರೆ ಅಲ್ಲಿಗೆ ಬಿಡಿ.

ಸಂಘಟಕರ ಚೀಟಿ ಬಂತು, ಇನ್ನು ಏಳೇ ನಿಮಿಷವಂತೆ. ಬೇಗ ಹೇಳುತ್ತೇನೆ.

ಪಾಸ್‌ಬುಕ್. ಮಣ್ಣಾಗಿ ಮೂರ್ನಾಲ್ಕು ದಿನವಾದ ಮೇಲೆ ಕೇಳಿ ತರಿಸಿ, ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸಿ. ಮೇ ಕೊನೆ, ಜೂನ್ ಮೊದಲ ಸಾಲುಗಳಲ್ಲಿ ಬೆರಳಿಟ್ಟು ಹುಡುಕಿ. 20 ರೂಪಾಯಿ ಕಡಿತವಾಗಿದ್ದರೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ, ಅಪಘಾತದ ಸಾವಿಗೆ 2 ಲಕ್ಷ. 436 ಕಡಿತವಾಗಿದ್ದರೆ ಜೀವನ ಜ್ಯೋತಿ ಎಂಬ ಜೀವ ವಿಮೆ, ಅದೂ 2 ಲಕ್ಷ. ಎರಡೂ ಇದ್ದರೆ ಎರಡೂ ಬರುತ್ತದೆ. ಖಾತೆ ತೆರೆಯುವಾಗ ಯಾರೋ ಟಿಕ್ ಹಾಕಿಸಿದ್ದು, ಕಟ್ಟಿದವರಿಗೇ ನೆನಪಿರುವುದಿಲ್ಲ, ಮನೆಯವರಿಗೆ ಎಲ್ಲಿಂದ ಗೊತ್ತಾಗಬೇಕು? ಪಿಎಫ್ ಇದ್ದ ನೌಕರರಾದರೆ ಇಡಿಎಲ್‌ಐ ವಿಮೆ 7 ಲಕ್ಷದವರೆಗೆ ಇರುತ್ತದೆ, ಕಂಪನಿಯವರನ್ನು ಬಾಯಿಬಿಟ್ಟು ಕೇಳಬೇಕು. ಬಿಪಿಎಲ್ ಮನೆಯ ದುಡಿಯುವ ಕೈ 18ರಿಂದ 59ರೊಳಗೆ ಹೋದರೆ ರಾಷ್ಟ್ರೀಯ ಕುಟುಂಬ ನೆರವಿನ 20,000 ರೂಪಾಯಿ.

ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೆ ಕೇಂದ್ರ ಸರ್ಕಾರದ 2022ರ ಪರಿಹಾರ ಯೋಜನೆಯಲ್ಲಿ 2 ಲಕ್ಷ, ಅರ್ಜಿ ಅಪಘಾತವಾದ ಜಾಗದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ. ಗಾಡಿ ಸಿಕ್ಕಿದ್ದರೆ ಅಪಘಾತ ಪರಿಹಾರ ನ್ಯಾಯಮಂಡಳಿ. ಮನೆಯವರು ಇರುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು. ಅಪಘಾತವಾದ ದಿನದಿಂದ ಆರು ತಿಂಗಳೊಳಗೆ ಹಾಕಬೇಕೆಂಬ ಗಡುವು 2022ರ ಏಪ್ರಿಲ್‌ನಿಂದ ಇದೆ. ಗಡುವಿನ ತಕರಾರು ಸುಪ್ರೀಂ ಕೋರ್ಟಿನ ತನಕ ಹೋಗಿದೆ, ಅದನ್ನು ನೆಚ್ಚಿ ಕೂರಬೇಡಿ. ಶವಾಗಾರದ ಬಾಗಿಲಲ್ಲೇ ವಕಾಲತ್ತು ಹಿಡಿದು ಬರುವವರಿದ್ದಾರೆ, ಖಾಲಿ ಹಾಳೆಗೆ ಸಹಿ ಹಾಕಲು ಬಿಡಬೇಡಿ. ಕಾಗದ ಹಿಡಿಯುವವರು ಬೇಕು ಅಂತ ಮೂರನೇ ಸಲ ಹೇಳಿದಂತಾಯಿತು.

ಚಂದಾ ಎತ್ತುವುದು, ವಂಶವೃಕ್ಷ, ಪೌತಿ ಖಾತೆ, ಮಕ್ಕಳ ಶಾಲೆ ಇವೆಲ್ಲ ಉಳಿದವು. ಚಂದಾ ಬಗ್ಗೆ ಒಂದೇ ಮಾತು: ನೇರ ತೀರಿಕೊಂಡವರ ಹೆಂಡತಿಯ ಖಾತೆಗೆ ಹಾಕಿಸಿ, ನಿಮ್ಮ ಫೋನ್‌ಪೇಗೆ ಬೇಡ.

ಕೊನೆಗೆ ತೀರಿಕೊಂಡವರ ಮೊಬೈಲು. ಸಿಮ್ ರದ್ದು ಮಾಡಿಸಬೇಡಿ, ರೀಚಾರ್ಜ್ ಮುಗಿಯಲು ಬಿಡಬೇಡಿ. ಪಿಎಫ್, ಬ್ಯಾಂಕು ಎಲ್ಲ ಕಡೆಯ ಒಟಿಪಿ ಬರುವುದು ಅದಕ್ಕೇ. ಹಾಗಂತ ಪಿನ್ ಗೊತ್ತಿದೆ ಎಂದು ಅವರ ಖಾತೆಯಿಂದ ದುಡ್ಡು ತೆಗೆಯಲು ಹೋಗಬೇಡಿ, ನಾಳೆ ಅಣ್ಣತಮ್ಮಂದಿರಲ್ಲೇ ಜಗಳವಾಗುತ್ತದೆ. ಚಾರ್ಜಿಗೆ ಹಾಕಿಡಿ. ಹಾಲಿನ ಡೇರಿಯವರು, ಚೀಟಿ ದುಡ್ಡಿನವರು, ಸುದ್ದಿ ತಿಳಿಯದ ಹಳೆಯ ಗೆಳೆಯರು ಹತ್ತು ಹದಿನೈದು ದಿನ ಫೋನ್ ಮಾಡುತ್ತಲೇ ಇರುತ್ತಾರೆ. ಪ್ರತಿ ಸಲವೂ ಹೆಂಡತಿಯೇ ಎತ್ತಿ ‘ಅವರಿಲ್ಲ’ ಅನ್ನಬಾರದು. ಎತ್ತಲು ಒಬ್ಬರನ್ನು ಗೊತ್ತುಮಾಡಿ, ಹತ್ತಿರ ಒಂದು ನೋಟ್‌ಬುಕ್, ಪೆನ್ನು ಇಡಿ. ಯಾರು, ಎಷ್ಟು ಗಂಟೆಗೆ, ಕೊಡಬೇಕಾದ್ದೆಷ್ಟು, ಬರಬೇಕಾದ್ದೆಷ್ಟು ಎಲ್ಲ ಬರೆದಿಡಲಿ.

ಪ್ರಶ್ನೆಗಳಿದ್ದರೆ ಊಟದ ಹೊತ್ತಿಗೆ ಕೇಳಿ, ಇಲ್ಲೇ ಇರುತ್ತೇನೆ.