ಹಳೇ ಬೋಲ್ಟ್ ನೋಡಿ ಹೊಸ ಬೋಲ್ಟ್ ಹಾಕಬೇಡಿ

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ವಿರಾಜಪೇಟೆಯ ತನಕ ಬಂದಿದ್ದೀರಿ, ತುಂಬಾ ಸಂತೋಷ.

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ, ರೈಲೂ ಇಲ್ಲ. ಆದರೂ ವಿಮಾನಕ್ಕೂ ನಮಗೂ ನಂಟಿದೆ. 1965ರ ಯುದ್ಧದಲ್ಲಿ ಪ್ರಾಣ ಕೊಟ್ಟ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ನಮ್ಮವರು. ವಾಯುಪಡೆಯಿಂದ ನಿವೃತ್ತರಾಗಿ ಬಂದವರು ಊರೂರಿಗೂ ಇದ್ದಾರೆ. ಈಗ ನೀವು ಬೆಂಗಳೂರು, ಹೊಸೂರಿನ ಹ್ಯಾಂಗರ್‌ಗಳಿಗೆ, ಅಂದರೆ ವಿಮಾನ ರಿಪೇರಿ ಶೆಡ್‌ಗಳಿಗೆ, ಕೆಲಸಕ್ಕೆ ಹೊರಟಿದ್ದೀರಿ. ಸ್ವಂತ ವರ್ಕ್‌ಶಾಪ್ ತೆರೆಯುವ ಆಸೆ ಇರುವವರೂ ಇಲ್ಲಿದ್ದೀರಿ.

ನಾಗರಿಕ ವಿಮಾನವನ್ನಾಗಲಿ, ಅದರ ಬಿಡಿಭಾಗವನ್ನಾಗಲಿ ರಿಪೇರಿ ಮಾಡಲು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಂಜೂರಾತಿ ಬೇಕು. ಆ ನಿಯಮಕ್ಕೆ ಸಿಎಆರ್-145 ಅಂತಾರೆ. ಕೆಲಸಗಾರರಿಗೆ ಎರಡು ವರ್ಷಕ್ಕೊಮ್ಮೆ ಹ್ಯೂಮನ್ ಫ್ಯಾಕ್ಟರ್ಸ್ ತರಬೇತಿ ಆಗಲೇಬೇಕು. ಮನುಷ್ಯ ಎಲ್ಲಿ ತಪ್ಪುತ್ತಾನೆ, ಯಾಕೆ ತಪ್ಪುತ್ತಾನೆ ಅನ್ನೋದೇ ಅಲ್ಲಿನ ಪಾಠ.

1990ರ ಜೂನ್ 10. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಹೊರಟಿತು. 17,300 ಅಡಿ ಎತ್ತರದಲ್ಲಿ ಕ್ಯಾಪ್ಟನ್ ಮುಂದಿನ ಗಾಜು ಕಿತ್ತು ಹಾರಿತು. ಕ್ಯಾಪ್ಟನ್‌ರ ಅರ್ಧ ಮೈಯನ್ನು ಗಾಳಿ ಹೊರಗೆ ಎಳೆದುಕೊಂಡು ಹೋಯಿತು. ವಿಮಾನ ಇಳಿಯುವ ತನಕ ಸಿಬ್ಬಂದಿ ಅವರನ್ನು ಹಿಡಿದುಕೊಂಡೇ ಇದ್ದರು. ಕೋ-ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಸೇರಿ 87 ಜನರೂ ಬದುಕಿದರು.

ಆ ಗಾಜನ್ನು 27 ಗಂಟೆ ಮೊದಲಷ್ಟೇ ಬದಲಿಸಿದ್ದರು. 90 ಬೋಲ್ಟ್‌ಗಳಲ್ಲಿ 84 ಸಣ್ಣವು. ವ್ಯಾಸದಲ್ಲಿ ಬರೀ 0.66 ಮಿಲಿಮೀಟರ್ ಕಮ್ಮಿ. ಹಾಕಿದವರು ಅನುಭವ ಇದ್ದ ಶಿಫ್ಟ್ ಮ್ಯಾನೇಜರ್. ಬಿಚ್ಚಿದ ಹಳೇ ಬೋಲ್ಟನ್ನು ಕೈಯಲ್ಲಿ ಹಿಡಿದು, ಮಂದ ಬೆಳಕಲ್ಲಿ ಕಣ್ಣಂದಾಜಿಗೆ ಜೋಡಿ ಹುಡುಕಿದರು. ಪಾರ್ಟ್ಸ್ ಪುಸ್ತಕ ನೋಡಲಿಲ್ಲ. ಸ್ಟೋರ್‌ನವರು ಬೇರೆ ಸೈಜ್ ಹೇಳಿದ್ದರು, ಅದನ್ನೂ ಬಿಟ್ಟರು. ನನಗೆ ಜಾಸ್ತಿ ಕಾಡುವುದು ಇನ್ನೊಂದು ಸಂಗತಿ. ಆ ಹಳೇ ಬೋಲ್ಟೇ ತಪ್ಪು ಅಳತೆಯದು! ಉದ್ದ ಸಾಲದ ಬೋಲ್ಟ್‌ಗಳಲ್ಲೇ ಹಳೇ ಗಾಜು ಅದುವರೆಗೂ ನಿಂತಿತ್ತು. ‘ಹಿಂದೆ ಹೀಗೇ ಇತ್ತು’ ಅನ್ನೋದು ನಮ್ಮ ಕೆಲಸದಲ್ಲಿ ಯಾವತ್ತೂ ಪುರಾವೆ ಅಲ್ಲ.

ನನ್ನದೇ ಒಂದು ವಿಷಯ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಮೊದಲ ಜಾಗದಲ್ಲಿ ಎರಡು ದಿನದ ತರಬೇತಿ ಇತ್ತು. ಎರಡೂ ದಿನದ ಹಾಜರಿ ಸಹಿ ಮೊದಲ ದಿನ ಬೆಳಗ್ಗೆಯೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಜನ ಶಿಫ್ಟಿಗೆ ಹೋದರು, ನಾನೂ ಹೋದೆ. ಕೆಲವು ತಿಂಗಳ ನಂತರ ಒಂದು ರಾತ್ರಿ, ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್ ಹಿಡಿದು ನಟ್ ಬಿಗಿ ಮಾಡುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರು ರೆಂಚಿನ ಹಿಡಿಯ ಮೇಲೆ ಬೆರಳಿಟ್ಟು, ‘ಏ ಮರೀ, ಈ ಸ್ಟಿಕ್ಕರ್ ಓದಿದ್ಯಾ?’ ಅಂದರು. ಕ್ಯಾಲಿಬ್ರೇಶನ್, ಅಂದರೆ ರೆಂಚಿನ ಅಳತೆ ಸರಿಯಿದೆಯಾ ಅಂತ ಪರೀಕ್ಷಿಸಬೇಕಾದ ತಾರೀಖು ಮುಗಿದು ಹನ್ನೊಂದು ದಿನ ಆಗಿತ್ತು. ಬಿಗಿ ಮಾಡಿದ್ದನ್ನೆಲ್ಲ ಬಿಚ್ಚಿ ಮತ್ತೆ ಮಾಡಿದೆವು. ಆ ಹನ್ನೊಂದು ದಿನ ಅದೇ ರೆಂಚ್ ಎಲ್ಲೆಲ್ಲಿ ಓಡಾಡಿದೆ ಅಂತ ಹುಡುಕಬೇಕಾಯಿತು. ಟಾಸ್ಕ್ ಕಾರ್ಡಿನಲ್ಲಿ, ಅಂದರೆ ಮಾಡಿದ ಕೆಲಸ ದಾಖಲಿಸುವ ಹಾಳೆಯಲ್ಲಿ, ರೆಂಚಿನ ನಂಬರ್ ಬರೆದಿದ್ದವರ ಕೆಲಸ ಬೇಗ ಸಿಕ್ಕಿತು. ಬರೆಯದವರದ್ದು ಹುಡುಕಲು ಬೆಳಗಾಯಿತು. ನಂಬರ್ ಯಾಕೆ ಬರೀಬೇಕು ಅಂತ ನನಗೆ ಗೊತ್ತಾಗಿದ್ದು ಆ ರಾತ್ರಿ.

ಬರೆಯುವ ಅಭ್ಯಾಸ ನಮಗೆ ಹೊಸದಲ್ಲ, ಅಲ್ವಾ? ಎಷ್ಟೋ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇದೆ. ನಮ್ಮ ಅಜ್ಜ ಬೆಳಗ್ಗೆ ಕಾಫಿಗೂ ಮೊದಲು ಮಾಪಕ ನೋಡಿ, ಇಷ್ಟು ಇಂಚು, ಇಷ್ಟು ಸೆಂಟ್ ಅಂತ ಬರೆಯುತ್ತಿದ್ದರು. ಮಳೆ ಬಾರದ ದಿನ ಸೊನ್ನೆ ಬರೆಯುತ್ತಿದ್ದರು. ಒಮ್ಮೆ ನೆಂಟರ ಮದುವೆಗೆ ಹೋಗಿ ಎರಡು ದಿನ ತಪ್ಪಿತು. ಅಂದಾಜಿಗೆ ಏನೂ ತುಂಬಿಸಲಿಲ್ಲ, ‘ನೋಡಿಲ್ಲ’ ಅಂತ ಬರೆದರು. ಕೆಲಸ ಮುಗಿದ ಮೇಲೆ ವಿಮಾನವನ್ನು ಹಾರಾಟಕ್ಕೆ ಬಿಡುವ ಪತ್ರಕ್ಕೆ ಸಹಿ ಹಾಕುವಾಗ ನಾನು ಆ ಎರಡು ಸಾಲು ನೆನೆಸಿಕೊಳ್ಳುತ್ತೇನೆ.

ವರ್ಕ್‌ಶಾಪ್ ತೆರೆಯುವವರಿಗೆ ಒಂದು ಮಾತು. ಮಂಜೂರಾತಿಯಲ್ಲಿ ‘ಅಕೌಂಟಬಲ್ ಮ್ಯಾನೇಜರ್’ ಅಂತ ಒಬ್ಬರ ಹೆಸರಿರುತ್ತದೆ. ತರಬೇತಿಗೆ, ಉಪಕರಣಕ್ಕೆ ದುಡ್ಡು ಒದಗಿಸುವ ಹೊಣೆ ಅವರದ್ದು. ಹುಡುಗರನ್ನು ಕಳಿಸಿ ಸುಮ್ನೆ ಕೂರಬೇಡಿ, ನೀವೂ ಪಾಠಕ್ಕೆ ಕೂತುಕೊಳ್ಳಿ. ಮಾಲೀಕರು ಎದುರಿಗೆ ಕೂತಿದ್ದರೆ ಯಾರೂ ನಾಳಿನ ಹಾಜರಿಗೆ ಇವತ್ತೇ ಸಹಿ ಹಾಕಿಸಲ್ಲ.

ವ್ಯಾಸದಲ್ಲಿ ಹೆಚ್ಚುಕಮ್ಮಿ ಆ 0.66 ಮಿಲಿಮೀಟರ್‌ನಷ್ಟೇ ವ್ಯತ್ಯಾಸ ಇರುವ ಎರಡು ಬೋಲ್ಟ್ ತಂದಿದ್ದೇನೆ. ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ. ಒಂದೊಂದೇ ನೋಡಿ, ಯಾವುದು ದಪ್ಪ ಅಂತ ಚೀಟಿಯಲ್ಲಿ ಬರೆಯಿರಿ. ವರ್ನಿಯರ್ ಇಲ್ಲೇ ಮೇಜಿನ ಮೇಲಿದೆ. ಎಲ್ಲರೂ ಬರೆದ ಮೇಲೆ ಅಳೆಯೋಣ.