ದುಬಾರಿ ಬೂಟು ಹಾಕಿದರೂ ಐಸ್ ಮೇಲೆ ಕಾಲು ಜಾರುವುದು ಯಾಕೆ?

[ದೃಶ್ಯ: ಬೆಳಗಿನ ಜಾವದ ಪಾರ್ಕಿಂಗ್ ಜಾಗ, ದೀಪದ ಬೆಳಕಿಗೆ ಹೊಳೆಯುವ ಕರಿ ನೆಲ]

ನಮಸ್ಕಾರ. ಕೆನಡಾದ ಟೊರಾಂಟೊ ಹತ್ತಿರ ಗೋದಾಮಿನಲ್ಲಿ ಕೆಲಸ ಮಾಡುವ ವೀಕ್ಷಕರೊಬ್ಬರು ಕೇಳಿದ್ದಾರೆ: "ಇಷ್ಟು ದುಡ್ಡು ಕೊಟ್ಟು ವಿಂಟರ್ ಬೂಟು ತಗೊಂಡೆ. ಆದರೂ ಕೆಲಸಕ್ಕೆ ಹೋಗುವಾಗ ಪಾರ್ಕಿಂಗ್‌ನಲ್ಲೇ ಜಾರಿ ಬಿದ್ದೆ. ಯಾಕೆ?"

ಚಳಿ ಜಾಸ್ತಿ ಆದಷ್ಟೂ ಜಾರುವುದೂ ಜಾಸ್ತಿ ಅನಿಸುತ್ತದೆ, ಅಲ್ವಾ? ಬೂಟಿನ ಮಟ್ಟಿಗೆ ಇದು ಉಲ್ಟಾ. ಮೈನಸ್ 20 ಡಿಗ್ರಿಯ ಗಟ್ಟಿ ಐಸ್‌ಗಿಂತ, ಸೊನ್ನೆಯ ಆಸುಪಾಸಿನ ಒದ್ದೆ ಐಸ್ ಹೆಚ್ಚು ಅಪಾಯ. ಮೇಲೆ ನೀರಿನ ತೆಳು ಪದರ ಇರುವುದರಿಂದ ಬೂಟಿನ ಅಟ್ಟೆಗೆ ಹಿಡಿತವೇ ಸಿಗುವುದಿಲ್ಲ. ಇನ್ನು ಬ್ಲ್ಯಾಕ್ ಐಸ್. ಮಧ್ಯಾಹ್ನ ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಗಾಜಿನಷ್ಟು ತಿಳಿಯಾಗಿರುವುದರಿಂದ ಕೆಳಗಿನ ಡಾಂಬರೇ ಕಾಣುತ್ತದೆ, ನೆಲ ಸುಮ್ನೆ ಒದ್ದೆಯಾಗಿದೆ ಅನಿಸುತ್ತದೆ. ಬೆಳಗಿನ ಶಿಫ್ಟಿನವರು ಕಾಲಿಡುವುದು ಇದರ ಮೇಲೆಯೇ.

ಈಗ ಬೂಟಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ನನಗೆ ತುಂಬಾ ಇಷ್ಟವಾದ ಭಾಗ ಇದು.

[ದೃಶ್ಯ: ಇಳಿಜಾರು ಐಸ್ ನೆಲದ ರೇಖಾಚಿತ್ರ]

ಟೊರಾಂಟೊದ ಒಂದು ಪುನರ್ವಸತಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ 'ವಿಂಟರ್‌ಲ್ಯಾಬ್' ಅಂತ ಒಂದು ಕೋಣೆ ಇದೆ. ಅದರ ನೆಲ ಪೂರ್ತಿ ನಿಜವಾದ ಐಸ್. ಇಡೀ ಕೋಣೆಯನ್ನೇ ಯಂತ್ರದಿಂದ ಓರೆ ಮಾಡಬಹುದು. ಬೂಟು ಹಾಕಿಕೊಂಡವರ ಮೈಗೆ ಮೇಲಿನಿಂದ ಬೆಲ್ಟ್ ಕಟ್ಟಿರುತ್ತಾರೆ, ಜಾರಿದರೂ ಕೆಳಗೆ ಬೀಳುವುದಿಲ್ಲ. ಅವರು ಹತ್ತಿ ಇಳಿಯುತ್ತಾ ಇರಬೇಕು. ಜಾರಲಿಲ್ಲವಾ? ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ಗಟ್ಟಿ ಐಸ್ ಮೇಲೂ, ಒದ್ದೆ ಐಸ್ ಮೇಲೂ ಇದೇ ಪರೀಕ್ಷೆ. 7 ಡಿಗ್ರಿ ಓರೆಯಲ್ಲಿ ನಿಂತರೆ ಬೂಟಿಗೆ ಒಂದು ಹಿಮಹರಳಿನ ಗುರುತು. ಯಾಕೆ 7? ಫುಟ್‌ಪಾತ್‌ನಿಂದ ರಸ್ತೆಗೆ ಇಳಿಯುವ ರ‍್ಯಾಂಪ್ ಹೆಚ್ಚುಕಡಿಮೆ ಅಷ್ಟೇ ಓರೆ ಇರುತ್ತದೆ.

2016ರಲ್ಲಿ ಫಲಿತಾಂಶ ಹೊರಗೆ ಬಂತು. 98 ಬಗೆಯ ಬೂಟುಗಳಲ್ಲಿ ಸುಮಾರು 90 ಪರ್ಸೆಂಟ್ ಆ ಒಂದು ಗುರುತನ್ನೂ ಗಳಿಸಲಿಲ್ಲ! ಅಂಗಡಿಯಲ್ಲಿ ವಿಂಟರ್ ಬೂಟು ಅಂತಲೇ ಮಾರುವಂಥವು ಇವು. ಕಾಲು ಬೆಚ್ಚಗಿಡುತ್ತವೆ, ಸರಿ. ಅಟ್ಟೆಯ ಆಳವಾದ ಗೀರುಗಳು ಮೆತ್ತನೆ ಹಿಮವನ್ನೂ ಕಚ್ಚುತ್ತವೆ. ಆದರೆ ನುಣುಪಾದ ಐಸ್‌ನಲ್ಲಿ ಕಚ್ಚಲು ಏನಿದೆ? ಅಲ್ಲಿ ಬೇಕಿರುವುದು ಚಳಿಗೆ ಗಡುಸಾಗದ ರಬ್ಬರು. ಚೆನ್ನಾಗಿ ನಿಂತ ಬೂಟುಗಳಲ್ಲಿ ರಬ್ಬರಿನೊಳಗೆ ಸಣ್ಣ ಗಡಸು ಎಳೆಗಳನ್ನೋ ಹರಳುಗಳನ್ನೋ ಸೇರಿಸಿದ್ದರು. ಹಾಗಾಗಿ ಬೂಟು ಕೊಳ್ಳುವಾಗ ತಿರುಗಿಸಿ ಅಟ್ಟೆ ನೋಡಿ. ಈ ಪರೀಕ್ಷೆಯ ಫಲಿತಾಂಶ ಹಾಕುವ 'ರೇಟ್ ಮೈ ಟ್ರೆಡ್ಸ್' ವೆಬ್‌ಸೈಟಿನ ಪಟ್ಟಿಯಲ್ಲಿ ಆ ಮಾಡೆಲ್ ಇದೆಯಾ ಅಂತ ನೋಡಿ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಬೇಗ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮಲೆನಾಡಿನ ಅಂಗಳ ದಾಟುವ ಹಾಗೆ ನಡೆಯಿರಿ: ಚಿಕ್ಕ ಹೆಜ್ಜೆ, ಪೂರ್ತಿ ಪಾದ ನೆಲಕ್ಕೆ, ಕೈ ಜೇಬಿನಿಂದ ಹೊರಗೆ. ಕಾರಿನಿಂದ ಇಳಿಯುವಾಗ ಎರಡೂ ಕಾಲು ಊರಿದ ಮೇಲೆಯೇ ಏಳಿ. ಐಸ್ ಮೇಲೆ ಹಿಡಿತಕ್ಕೆ ಅಂತ ಬೂಟಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಬಳಸಿದರೆ, ಅದನ್ನು ಒಳಗೆ ಹೋಗುವ ಮುಂಚೆ ತೆಗೆಯಿರಿ, ಟೈಲ್ಸ್ ಮೇಲೆ ಅದೇ ಜಾರಿಸುತ್ತದೆ. ಬಾಗಿಲ ಹತ್ತಿರ ಕರಗಿದ ಹಿಮದ ನೀರನ್ನೂ ಗಮನಿಸಿ.

ಇನ್ನೊಂದು ಮಾತು. ಬಿದ್ದವರೇ "ನಾನೇ ನೋಡಿ ನಡೆಯಬೇಕಿತ್ತು" ಅಂದುಕೊಳ್ಳುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಕಾನೂನಿನ ಪ್ರಕಾರ, ಕೆಲಸಗಾರರ ಸುರಕ್ಷತೆಗೆ ಆ ಸಂದರ್ಭಕ್ಕೆ ತಕ್ಕ ಎಲ್ಲ ಎಚ್ಚರಿಕೆಯನ್ನೂ ಮಾಲೀಕರು ವಹಿಸಬೇಕು. ಶಿಫ್ಟ್ ಶುರುವಾಗುವ ಮುಂಚೆ ಉಪ್ಪು ಬಿದ್ದಿರಬೇಕು. ಮೈನಸ್ 10ಕ್ಕಿಂತ ಕೆಳಗೆ ಮಾಮೂಲಿ ಉಪ್ಪು ಸರಿಯಾಗಿ ಕೆಲಸ ಮಾಡುವುದಿಲ್ಲ, ಆಗ ಮರಳು ಹಾಕಬೇಕು. ಐಸ್ ಕಂಡರೆ ಫೋಟೊ ತೆಗೆದು ಆಗಲೇ ಸೂಪರ್‌ವೈಸರ್‌ಗೆ ತಿಳಿಸಿ. ಹೊಸ ಕೆಲಸ, ಹೊಸ ದೇಶ ಅಂತ ಹಿಂಜರಿಯಬೇಡಿ. ಹೀಗೆ ತಿಳಿಸಿದ್ದಕ್ಕೆ ಕೆಲಸದಿಂದ ತೆಗೆಯುವುದನ್ನು ಅಲ್ಲಿನ ಕಾನೂನೇ ನಿಷೇಧಿಸಿದೆ.